ಹಳ್ಳಿಯ ಒಂದು ಕೋಣೆ ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ: ಎಲ್ಲಿ ಸಲೀಸು, ಎಲ್ಲಿ ಸಿಕ್ಕು

ಹಾಸಿಗೆ ಇಲ್ಲ, ಲ್ಯಾಬ್ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಒಬ್ಬರು ಡಾಕ್ಟರು, ಒಬ್ಬರು ನರ್ಸು, ಸಂತೆ ದಿನ ಒಂದಿಷ್ಟು ಜಾಸ್ತಿ ಜನ. ಇಂಥ ಕ್ಲಿನಿಕ್‌ಗೆ ಸರ್ಕಾರದ ನೋಂದಣಿ ಸೇವೆ ಎಷ್ಟು ಸಲೀಸು ಎಂಬುದಷ್ಟೇ ಇಲ್ಲಿಯ ವಿಮರ್ಶೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಭಾಗ ಪರವಾಗಿಲ್ಲ. ಕಾಟ ಕೊಡುವುದು ಅದರ ಬೆನ್ನಿಗೇ ಬರುವ ಕಸದ ನಿಯಮ. ನಿಯಮ ಸಡಿಲಿಸಿ ಎಂದು ಕೂಗುವವರಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿ ಓದಿಲ್ಲ ಎನ್ನುವುದೂ ನಿಜ.

ಕರ್ನಾಟಕದಲ್ಲಿ ನಡೆಯುವುದು ರಾಜ್ಯದ್ದೇ ಆದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2017ರ ನವೆಂಬರ್‌ನಲ್ಲಿ ಡಾಕ್ಟರುಗಳು ಮುಷ್ಕರ ಹೂಡಿದ್ದು ಇದರ ತಿದ್ದುಪಡಿಗೇ. ಅರ್ಜಿ ಆನ್‌ಲೈನ್. ತೀರ್ಮಾನಿಸುವುದು ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ, ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ). ಒಮ್ಮೆ ಆದರೆ 5 ವರ್ಷ ನಿಶ್ಚಿಂತೆ. ಎಡವುವುದು ವರ್ಗ ಆರಿಸುವಲ್ಲಿ. ಸಮಾಲೋಚನೆ ಮಾತ್ರ ಎಂದು ನಮೂದಿಸಿ, ಹಿಂದಿನ ಕೋಣೆಯಲ್ಲಿ ಡ್ರಿಪ್ ಹಾಕಲು ಮಂಚ ಇಟ್ಟಿದ್ದರೆ ಪರಿಶೀಲನೆಗೆ ಬಂದವರು ಮೊದಲು ನೋಡುವುದು ಆ ಮಂಚವನ್ನೇ. ಇನ್ನೊಂದು, ಹೆಸರು. ಮೆಡಿಕಲ್ ಕೌನ್ಸಿಲ್ ಪ್ರಮಾಣಪತ್ರದಲ್ಲಿ ಒಂದು ಇನಿಷಿಯಲ್, ಬಾಡಿಗೆ ಕರಾರಿನಲ್ಲಿ ಇನ್ನೊಂದು ಇದ್ದರೆ ಅರ್ಜಿ ವಾಪಸ್ ಬರಲು ಅಷ್ಟೇ ಸಾಕು. ಅಪ್‌ಲೋಡ್ ಮಾಡುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ಬೋರ್ಡ್ ಬರೆಸುವಾಗ ನೋಂದಣಿ ಸಂಖ್ಯೆ ಇರಲೇಬೇಕು. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು.

ಇನ್ನು ಕಸದ ವಿಷಯ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸಣ್ಣವರಿಗೆ ರಿಯಾಯಿತಿ ಆಗಲೇ ಇದೆ. ಹಾಸಿಗೆ ಇಲ್ಲದ ಕ್ಲಿನಿಕ್‌ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಒಂದೇ ಸಲ, ನವೀಕರಣದ ಗೋಜಿಲ್ಲ. ನಮೂನೆ 2ರಲ್ಲಿ ಅರ್ಜಿ ಕೊಟ್ಟು 90 ದಿನದೊಳಗೆ ಮಂಡಳಿ ಆಕ್ಷೇಪಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಆದರೆ ಲೆಕ್ಕ ಶುರುವಾಗುವುದು ಎಲ್ಲ ದಾಖಲೆ ಸೇರಿದ ಪೂರ್ಣ ಅರ್ಜಿ ತಲುಪಿದ ದಿನದಿಂದ. ಸ್ವೀಕೃತಿ ಪತ್ರ ಕಳೆದುಕೊಂಡರೆ ಆ 90 ದಿನ ಯಾವತ್ತು ಮುಗಿದವೆಂದು ತೋರಿಸಲು ಕೈಯಲ್ಲಿ ಏನೂ ಇರದು.

ಕಷ್ಟ ಇರುವುದು ಕಸ ಒಯ್ಯುವ ವಾಹನದಲ್ಲಿ. ಹಲವು ಆಸ್ಪತ್ರೆಗಳ ಕಸವನ್ನು ಒಟ್ಟಿಗೆ ಸಂಸ್ಕರಿಸುವ ಸಾಮೂಹಿಕ ಘಟಕ 75 ಕಿ.ಮೀ. ಒಳಗಿದ್ದರೆ ಸ್ವಂತ ಗುಂಡಿಯಲ್ಲಿ ಹೂಳುವಂತಿಲ್ಲ, ಕಸ ಅವರಿಗೇ ಹೋಗಬೇಕು. ದಿನಕ್ಕೆ ಒಂದು ಹಿಡಿ ಹತ್ತಿ, ಆರೇಳು ಸಿರಿಂಜ್ ಹೊರಬೀಳುವ ಕ್ಲಿನಿಕ್‌ಗೋಸ್ಕರ ವಾಹನ ಒಳರಸ್ತೆಗೆ ದಿನಾ ತಿರುಗುವುದಿಲ್ಲ, ಅದು ಸಹಜ. ಆಗ ಎಲ್ಲರೂ ಹೆದರುವುದು ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಗಡುವಿಗೆ. ನಿಯಮ ಬಿಡಿಸಿ ಓದಿ: ಆ ಗಡುವು ಇರುವುದು ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್, ದೇಹದ ಭಾಗ, ಇಂಥವಕ್ಕೆ. ಅಂದರೆ ಹಳದಿ ಚೀಲದ ಮಾಲಿಗೆ. ಸೂಜಿ ಹಾಕುವ ಬಿಳಿ ಡಬ್ಬಿ ಮುಕ್ಕಾಲು ತುಂಬುವವರೆಗೆ ಇರಬಹುದು. ಹಳದಿ ಚೀಲವೂ ಅನಿವಾರ್ಯವಾಗಿ ತಡವಾದರೆ, ಯಾರಿಗೂ ತೊಂದರೆಯಾಗದಂತೆ ಇಟ್ಟು, ಕಾರಣ ಸಮೇತ ಮಂಡಳಿಗೆ ತಿಳಿಸಬೇಕು. ಹಾಗೆ ತಿಳಿಸುವವರು ಕಡಿಮೆ. ಒಂದು ಇಮೇಲ್ ಸಾಕಾಗುವ ಕಡೆ ನೋಟಿಸ್ ಬರುವುದು ಹೀಗೆಯೇ.

ತಪ್ಪುಗಳು ಎಲ್ಲ ಕಡೆ ಒಂದೇ ಥರ. ಸಲೈನ್ ಸೆಟ್ಟನ್ನು ಸೂಜಿ ಸಮೇತ ಸುತ್ತಿ ಕೆಂಪು ಚೀಲಕ್ಕೆ ತುರುಕುತ್ತಾರೆ. ಚೀಲ ಎತ್ತಿಕೊಂಡ ಹುಡುಗನ ತೊಡೆಗೆ ಅದು ಚುಚ್ಚುತ್ತದೆ. ಬಳಸಿದ ಕೂಡಲೇ, ಕೂತ ಜಾಗದಲ್ಲೇ ಸೂಜಿ ಕಟ್ ಮಾಡಿ ಬಿಳಿ ಡಬ್ಬಿಗೆ, ಸಿರಿಂಜ್ ಮತ್ತು ಗ್ಲೌಸ್ ಕೆಂಪಿಗೆ. ಒಡೆದ ಆಂಪ್ಯೂಲ್, ಖಾಲಿ ಗಾಜಿನ ವಯಲ್ ನೀಲಿ ಗುರುತಿನ ಡಬ್ಬಿಗೆ. ಅವಧಿ ಮೀರಿದ ಮಾತ್ರೆ ಹಳದಿಗೆ. ಸಿರಿಂಜ್‌ನ ಹೊರ ಕವರ್ ಮಾಮೂಲಿ ಕಸ. ಅದನ್ನೂ ಹಳದಿಗೆ ತುಂಬಿ ಚೀಲ ಉಬ್ಬಿಸುವುದು ವ್ಯರ್ಥ.

ಹಾಗಾದರೆ ಸಡಿಲಿಸುವುದು ಏನನ್ನು? ನಮ್ಮ ಪ್ರಕಾರ ವೆಬ್‌ಸೈಟ್ ಕಲಮನ್ನು. ಹಾಸಿಗೆ ಎಷ್ಟೇ ಇರಲಿ, ಕಸದ ವಾರ್ಷಿಕ ವರದಿಯನ್ನು ಸ್ವಂತ ವೆಬ್‌ಸೈಟಿನಲ್ಲಿ ಹಾಕಬೇಕು ಎನ್ನುತ್ತದೆ 2018ರ ತಿದ್ದುಪಡಿ. ಗ್ರಾಮ ಪಂಚಾಯ್ತಿ ಕಟ್ಟಡದ ಪಕ್ಕದ ಒಂದು ಕೋಣೆಗೆ ವೆಬ್‌ಸೈಟ್! ಪ್ರತಿ ವರ್ಷ ಜೂನ್ 30ರೊಳಗೆ ಮಂಡಳಿಗೆ ನಮೂನೆ 4ರಲ್ಲಿ ಆ ವರದಿ ಹೇಗೂ ಹೋಗುತ್ತದೆ, ಅದನ್ನೇ ಮಂಡಳಿ ತನ್ನ ಜಾಲತಾಣದಲ್ಲಿ ತೋರಿಸಲಿ. ಎರಡನೆಯದು, ಚೀಲಗಳನ್ನು ಬಾರ್‌ಕೋಡ್ ಹಚ್ಚಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಪ್ಪಿಸಲು ಅವಕಾಶ ಕೊಡಲಿ. ಆಗ ವಾಹನ ಹತ್ತು ಕಡೆ ಅಲೆಯಬೇಕಿಲ್ಲ. ಬಣ್ಣ ಬೇರ್ಪಡಿಸುವುದು, ನರ್ಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು ಇವನ್ನು ಮಾತ್ರ ಮುಟ್ಟಬಾರದು.

ಔಷಧಿ ವಿಷಯದಲ್ಲಿ ಹಳ್ಳಿ ಡಾಕ್ಟರಿಗೆ ಹಳೆಯ ರಿಯಾಯಿತಿಯೊಂದು ಈಗಲೂ ಇದೆ: ಔಷಧ ನಿಯಮಗಳ ಶೆಡ್ಯೂಲ್ ಕೆ ಪ್ರಕಾರ ತಮ್ಮದೇ ರೋಗಿಗೆ ಮಾತ್ರೆ ಕೊಡಲು ಮಾರಾಟದ ಲೈಸೆನ್ಸ್ ಬೇಡ. ಆದರೆ ಅಂಗಡಿ ತೆರೆದಂತೆ ಮಾರಕೂಡದು. ಲೈಸೆನ್ಸ್ ಇರುವ ಡೀಲರಿಂದಲೇ ಖರೀದಿಸಿ, ಬ್ಯಾಚ್ ನಂಬರ್ ಇರುವ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಡಿ. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ಕೇಳುವ ಕಾಗದ ಅದೇ.