ಉಳಿಯ ಹರಿತಕ್ಕೆ ಕಾಗದವೋ, ಕಲ್ಲೋ, ಡೈಮಂಡ್ ಪ್ಲೇಟೋ?

ಮರಗೆಲಸ ಕಲಿಯಲು ಹೊರಟವರಲ್ಲಿ ಅನೇಕರು ಕೈಯಲ್ಲಿರುವ ಹಣವನ್ನೆಲ್ಲ ಉಳಿ, ಗರಗಸ, ತೋಪಡಗಳಿಗೇ ಸುರಿದು, ಅವುಗಳನ್ನು ಹರಿತವಾಗಿಡುವ ಸಾಧನಕ್ಕೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಅಗ್ಗದ ಹೊಸ ಉಳಿಯ ಓರೆಯನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಮಸೆದಿರುತ್ತಾರೆ, ಅಷ್ಟೇ. ಕೊನೆಯ ಹರಿತವನ್ನು ಕೊಂಡವರೇ ಕೊಟ್ಟುಕೊಳ್ಳಬೇಕು. ಇದಕ್ಕಿರುವ ಕಡಿಮೆ ಖರ್ಚಿನ ಮೂರು ದಾರಿಗಳನ್ನು ಒಂದೇ ಬಗೆಯ ಉಳಿಗಳ ಮೇಲೆ ಬಳಸಿ ನೋಡಿದ್ದೇನೆ.

ಪರೀಕ್ಷೆಗೆ ಆರಿಸಿಕೊಂಡದ್ದು ಪೈನ್ ಮರದ ತುಂಡಿನ ಅಡ್ಡ ಕೊಯ್ದ ಮುಖವನ್ನು. ಗಟ್ಟಿ ಮರವು ಅರೆಹರಿತದ ಉಳಿಯನ್ನೂ ಒಂದಿಷ್ಟು ಸಹಿಸಿಕೊಳ್ಳುತ್ತದೆ, ಮೆತ್ತನೆಯ ಮರ ಸಹಿಸುವುದಿಲ್ಲ. ಬಾಯಿ ನಿಜಕ್ಕೂ ಹರಿತವಾಗಿದ್ದರೆ ಕೆತ್ತಿದ ಜಾಗ ನುಣುಪಾಗಿ ಮಿಂಚುತ್ತದೆ. ಇಲ್ಲದಿದ್ದರೆ ಎಳೆಗಳು ಜಜ್ಜಿಹೋಗಿ, ಮುಖ ಬಿಳಿಚಿಕೊಂಡು ಪುಡಿ ಉದುರುತ್ತದೆ.

ಮೊದಲನೆಯದು, ದಪ್ಪ ಗಾಜಿನ ಮೇಲೆ ಅಂಟಿಸಿದ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜಬಹುದಾದ ಮರಳು ಕಾಗದ. ಆರಂಭದ ಖರ್ಚು ಎಲ್ಲಕ್ಕಿಂತ ಕಡಿಮೆ, ಫಲಿತಾಂಶವಂತೂ ಮೊದಲ ದಿನವೇ ಬೆರಗು ಹುಟ್ಟಿಸುವಂಥದ್ದು: 220ರಿಂದ ಶುರುಮಾಡಿ 400, 1000, 2000 ನಂಬರಿನವರೆಗೆ (ನಂಬರು ಹೆಚ್ಚಿದಷ್ಟೂ ಕಣ ನಯ) ಕ್ರಮವಾಗಿ ಹೋದರೆ ಪೈನ್ ಮುಖ ಮಿಂಚುತ್ತದೆ. ಆದರೆ ಉಳಿಯನ್ನು ಮುಂದಕ್ಕೆ ತಳ್ಳುವಾಗ ಬಾಯಿಯ ಮೂಲೆ ಕಾಗದಕ್ಕೆ ಸಿಕ್ಕಿ ಸೀಳುತ್ತದೆ, ಆದ್ದರಿಂದ ಹಿಂದಕ್ಕೆ ಎಳೆಯುವಾಗ ಮಾತ್ರ ಒತ್ತಬೇಕು. ಕಾಗದ ಸರಿಯಾಗಿ ಅಂಟದೆ ಎಲ್ಲಾದರೂ ಉಬ್ಬಿದ್ದರೆ ಅಂಚು ಉರುಟಾಗುತ್ತದೆ. ಹಾಳೆಗಳು ಬೇಗ ಸವೆಯುತ್ತವೆ. ಸವೆದ ಹಾಳೆಯನ್ನು ‘ಇನ್ನೊಂದು ಸಲಕ್ಕೆ ಸಾಕು’ ಎಂದು ಉಳಿಸಿಕೊಳ್ಳುವ ಚಾಳಿಯಿಂದಲೇ ಉಳಿ ಮೊಂಡಾಗಿ ಉಳಿಯುತ್ತದೆ. ನಿಯಮಿತವಾಗಿ ಕೆಲಸ ಮಾಡುವವರಿಗೆ ಕಾಗದದ ಅಗ್ಗ ಕಣ್ಣಿಗೆ ಕಾಣುವಷ್ಟು ಅಗ್ಗವಲ್ಲ.

ಎರಡನೆಯದು ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಸಾಣೆಕಲ್ಲು. ಇದರ ಮೇಲೆ ತೆಳುವಾದ ಎಣ್ಣೆ ಹಾಕುವುದು ಉಜ್ಜಿದಾಗ ಬರುವ ಉಕ್ಕಿನ ಪುಡಿ ಕಲ್ಲಿನ ರಂಧ್ರಗಳಿಗೆ ಇಳಿಯದೆ ತೇಲಲಿ ಎಂದು. ಕಲ್ಲು ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಹೆಚ್ಚಲ್ಲ. ಆದರೆ ಕೆಲಸ ನಿಧಾನ, ಎಣ್ಣೆಯ ಕರಿ ಕೈಗೂ ಮರಕ್ಕೂ ಅಂಟುತ್ತದೆ, ನಡುಭಾಗ ಸವೆದು ತಗ್ಗಾದಾಗ ಒರಟು ಕಾಗದದ ಮೇಲೆ ಉಜ್ಜಿ ಸಮ ಮಾಡಬೇಕಾಗುತ್ತದೆ. ಅಡುಗೆಮನೆಯ ಚಾಕುವಿಗೆ ನಾನು ಈಗಲೂ ಇದನ್ನೇ ಬಳಸುತ್ತೇನೆ. ಉಳಿಗೆ ಬಳಸುವುದನ್ನು ಬಿಟ್ಟಿದ್ದೇನೆ.

ಮೂರನೆಯದಾದ ಡೈಮಂಡ್ ಪ್ಲೇಟ್‌ಗೆ ಮೊದಲೇ ಹೆಚ್ಚು ಹಣ ತೆರಬೇಕು. ಒಂದು ಬದಿ 400, ಮತ್ತೊಂದು ಬದಿ 1000 ನಂಬರಿನದು ಕಲಿಯುವವರಿಗೆ ಧಾರಾಳವಾಗಿ ಸಾಲುತ್ತದೆ. ಲೋಹದ ತಟ್ಟೆಯ ಮೇಲೆ ವಜ್ರದ ಕಣಗಳನ್ನು ಕೂರಿಸಿರುವುದರಿಂದ ಇದು ಕಲ್ಲಿನಂತೆ ನಡುವೆ ತಗ್ಗಾಗುವುದಿಲ್ಲ, ನಾಲ್ಕು ಹನಿ ನೀರು ಚಿಮುಕಿಸಿದರೆ ಕೆಲಸಕ್ಕೆ ಸಿದ್ಧ. ಹೊಸತರಲ್ಲಿ ಇದು ಆಳವಾದ ಗೀರುಗಳನ್ನು ಬಿಡುತ್ತದೆ. ಒರಟು ಕಣಗಳು ಪಳಗಿದ ಮೇಲೆ ಗೀರು ಸಣ್ಣದಾಗುತ್ತದೆ. ಬಲವಾಗಿ ಒತ್ತಿದರೆ ಕಣಗಳೇ ಕಿತ್ತುಬರುವುದರಿಂದ ಕೈ ಹಗುರವಾಗಿರಬೇಕು. ಮೊಂಡಾದೊಡನೆ ಕೆಲಸ ನಿಲ್ಲಿಸಿ, ಎರಡು ನಿಮಿಷದಲ್ಲಿ ಮಸೆದು, ಮತ್ತೆ ಮರಕ್ಕೆ ಮರಳುವಂತಾದದ್ದು ಇದು ಬಂದ ಮೇಲೆಯೇ, ಮತ್ತು ನನ್ನ ಮಟ್ಟಿಗೆ ಇದೇ ನಿರ್ಣಾಯಕ ವಿಷಯ.

ಹೀಗಾಗಿ ಒಂದನ್ನೇ ಕೊಳ್ಳುವುದಾದರೆ ನನ್ನ ಆಯ್ಕೆ ಡೈಮಂಡ್ ಪ್ಲೇಟ್. ಕಾಗದವನ್ನು ಒಂದು ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ: ಹೊಸ ಉಳಿಯ ಚಪ್ಪಟೆ ಬೆನ್ನನ್ನು ಬಾಯಿಯಿಂದ ಎರಡು ಸೆಂಟಿಮೀಟರಿನಷ್ಟು ಸಮ ಮಾಡಲು ಒರಟು ಹಾಳೆ ಎಲ್ಲಕ್ಕಿಂತ ವೇಗವಾಗಿ ಉಕ್ಕನ್ನು ತೆಗೆಯುತ್ತದೆ, ಇದನ್ನು ಒಂದು ಉಳಿಗೆ ಒಮ್ಮೆ ಮಾಡಿದರೆ ಸಾಕು. 1000 ನಂಬರಿನ ಬದಿಯ ನಂತರ ಉಳಿಯುವ ಕೊರತೆಯನ್ನು ಮರದ ಹಲಗೆಗೆ ಅಂಟಿಸಿದ ಹಳೆಯ ಚರ್ಮದ ಬೆಲ್ಟು, ಹಸಿರು ಪಾಲಿಶ್ ಪೇಸ್ಟು ತುಂಬುತ್ತವೆ. ಚರ್ಮದ ಮೇಲೂ ಉಳಿಯನ್ನು ಎಳೆಯಬೇಕೇ ಹೊರತು ತಳ್ಳಬಾರದು.