ಓದುಗರ ಲೆಕ್ಕಕ್ಕೆ ಯಾವುದನ್ನು ಆರಿಸಬೇಕು: ಸಿಮಿಲರ್‌ವೆಬ್, ಗೂಗಲ್ ಅನಲಿಟಿಕ್ಸ್, ಮಟೊಮೊ

ಕಾಸರಗೋಡು ಅಥವಾ ಬದಿಯಡ್ಕದಿಂದ ಕನ್ನಡ ಸುದ್ದಿತಾಣ ನಡೆಸುವವರಿಗೆ ತಮ್ಮ ಓದುಗರು ಊರಿನಲ್ಲಿದ್ದಾರೋ, ಮಂಗಳೂರಿನಲ್ಲಿದ್ದಾರೋ, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೋ ಎಂಬುದು ತಿಳಿಯಲೇಬೇಕಾದ ಸಂಗತಿ. ಹಿಂದೆ ಹಲವರು, ಜಾಲತಾಣಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಪಟ್ಟಿಮಾಡುತ್ತಿದ್ದ ಅಲೆಕ್ಸಾ ಶ್ರೇಯಾಂಕವನ್ನೇ ಅಳತೆಗೋಲಾಗಿ ಹಿಡಿಯುತ್ತಿದ್ದರು. 1999ರಲ್ಲಿ ಅಮೆಜಾನ್ ಕೊಂಡುಕೊಂಡ ಆ ಸೇವೆ 2022ರ ಮೇ 1ರಂದು ನಿಂತುಹೋಯಿತು.

ಇಸ್ರೇಲ್ ಮೂಲದ ಸಿಮಿಲರ್‌ವೆಬ್ ತಾಣಗಳಿಗೆ ಬರುವ ಭೇಟಿಗಳನ್ನು ಹೊರಗಿನಿಂದ ಅಂದಾಜು ಮಾಡುವ ಸಂಸ್ಥೆ. ದೊಡ್ಡ ತಾಣಗಳ ಏರಿಳಿತವನ್ನು ಹೋಲಿಸಿ ನೋಡಲು ಅದು ನಿಜಕ್ಕೂ ಉಪಯುಕ್ತ. ಆದರೆ ದಿನಕ್ಕೆ ಕೆಲವು ನೂರು ಓದುಗರಿರುವ ನಮ್ಮಂಥ ತಾಣಗಳಿಗೆ ಆ ಅಂದಾಜನ್ನು ನಂಬಲಾಗದು.

ಗೂಗಲ್ ಅನಲಿಟಿಕ್ಸ್ ತಾಣದ ಪುಟದೊಳಗೇ ಕೋಡ್ ಇಟ್ಟು ಭೇಟಿಗಳನ್ನು ದಾಖಲಿಸುತ್ತದೆ, ಮತ್ತು ಸಣ್ಣ ತಾಣಗಳಿಗೆ ಉಚಿತವಾಗಿ ಸಿಗುತ್ತದೆ. ಆದ್ದರಿಂದ ಹೊಸಬರು ಇದರಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ಆದರೂ ಒಂದು ಎಚ್ಚರ ಅಗತ್ಯ: ಊರನ್ನು ಅದು ಐಪಿ ವಿಳಾಸದಿಂದ (ಅಂತರ್ಜಾಲ ಸಂಪರ್ಕಕ್ಕೆ ಸಿಗುವ ಗುರುತಿನ ಸಂಖ್ಯೆಯಿಂದ) ಊಹಿಸುವುದರಿಂದ, ಮೊಬೈಲಿನಲ್ಲಿ ಓದುವ ಕುಂಬಳೆಯ ಓದುಗರು ಕೇರಳದ ಬೇರೊಂದು ನಗರದ ಲೆಕ್ಕಕ್ಕೆ ಸೇರುವ ಸಾಧ್ಯತೆಯಿದೆ. ಗಡಿನಾಡಿನಲ್ಲಿ ಕನ್ನಡ ಓದುವವರೇ ಕಡಿಮೆಯೆಂದು ಅದು ತೋರಿಸುವ ಊರುಗಳ ಪಟ್ಟಿಯೊಂದನ್ನೇ ನೋಡಿ ತೀರ್ಮಾನಿಸುವುದು ಅನ್ಯಾಯ. ಜಾಹೀರಾತು ತಡೆಯುವ ತಂತ್ರಾಂಶ ಬಳಸುವವರ ಭೇಟಿಗಳೂ ಲೆಕ್ಕದಿಂದ ತಪ್ಪಿಹೋಗಬಹುದು.

ಇನ್ನು ಶಾಲೆ, ಸಂಘ ಅಥವಾ ಗ್ರಂಥಾಲಯದ ತಾಣವಾಗಿದ್ದು, ಓದುಗರ ಮಾಹಿತಿ ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಬೆಟ್‌ನಂಥ ಜಾಹೀರಾತು ಆದಾಯದ ಕಂಪನಿಯ ಕೈಸೇರಬಾರದೆಂದಿದ್ದರೆ ಮಟೊಮೊ ಸೂಕ್ತ. 2018ರವರೆಗೆ ಪಿವಿಕ್ ಎಂದು ಕರೆಯಲ್ಪಡುತ್ತಿದ್ದ ಈ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ಅದರ ನಿರ್ವಹಣೆಗೆ ಮಾತ್ರ ತಿಳಿದವರೊಬ್ಬರು ಜೊತೆಗಿರಬೇಕು.