ಚಿಮಣಿ ‘ಡೀಪ್ ಕ್ಲೀನಿಂಗ್’ ಸರ್ವೀಸ್: ಬ್ಲೋವರ್ ಬಿಚ್ಚಿದ್ದಕ್ಕೆ ಮಾತ್ರ ದುಡ್ಡು ಕೊಡಿ

ಅಡುಗೆಮನೆ ಚಿಮಣಿ ತೊಳೆದುಕೊಡುವವರು ಈಗ ಮೂರು ಕಡೆ ಸಿಗುತ್ತಾರೆ: ಆ್ಯಪ್‌ನಲ್ಲಿ ಬುಕ್ ಮಾಡಿದರೆ ಬರುವವರು, ಚಿಮಣಿ ಕಂಪನಿಯ ಎಎಂಸಿಯವರು (ವರ್ಷದ ನಿರ್ವಹಣೆ ಒಪ್ಪಂದದವರು), ಬಡಾವಣೆಯ ಗ್ಯಾಸ್ ಸ್ಟವ್ ರಿಪೇರಿ ಅಂಗಡಿಯವರು. ಮೂವರೂ ಹೇಳುವ ಹೆಸರು ‘ಡೀಪ್ ಕ್ಲೀನಿಂಗ್’ ಎಂದೇ. ಒಳಗಿನ ಕೆಲಸದಲ್ಲಿ ಮಾತ್ರ ಅಜಗಜಾಂತರ. ಅನೇಕ ಸಲ ಫಿಲ್ಟರ್ ತೊಳೆದು, ಹುಡ್ ಒರೆಸಿ, ಗಾಜಿಗೆ ಪಾಲಿಶ್ ಹೊಡೆದು ಮುಗಿಸುತ್ತಾರೆ. ಫಿಲ್ಟರ್ ತೊಳೆಯಲು ಹೊರಗಿನವರೇ ಬೇಕಿಲ್ಲ. ದುಡ್ಡು ಕೊಡಬೇಕಾದ್ದು ಬ್ಲೋವರ್, ಅಂದರೆ ಒಳಗೆ ಹೊಗೆ ಎಳೆಯುವ ಫ್ಯಾನ್, ಬಿಚ್ಚುವ ಕೆಲಸಕ್ಕೆ. ಹಾಗಾಗಿ ಬುಕ್ ಮಾಡುವಾಗಲೇ ಕೇಳಬೇಕಾದ್ದು ಒಂದು ಮಾತು: ‘ಬ್ಲೋವರ್ ಹೊರಗೆ ತೆಗೀತೀರಾ?’ ‘ಅದಕ್ಕೆ ಎಕ್ಸ್‌ಟ್ರಾ ಆಗುತ್ತೆ’ ಎಂದರೆ ಆ ಎಕ್ಸ್‌ಟ್ರಾ ಸೇರಿಸಿಯೇ ಬೆಲೆ ಹೋಲಿಸಿ.

ಇನ್ನು ಎಷ್ಟು ದಿನಕ್ಕೊಮ್ಮೆ? ಕರಪತ್ರಗಳಲ್ಲಿ ‘ಆರು ತಿಂಗಳಿಗೊಮ್ಮೆ’ ಎಂದು ಎಲ್ಲರಿಗೂ ಒಂದೇ ಲೆಕ್ಕ ಹಾಕಿರುತ್ತಾರೆ. ಆದರೆ ಚಿಮಣಿಯಲ್ಲಿ ಕೂರುವ ಜಿಡ್ಡು ನೀವು ಬಳಸುವ ಎಣ್ಣೆಯ ಮೇಲೆ ಹೋಗುತ್ತದೆ. ಒಗ್ಗರಣೆಯ ಹೊಗೆಯಲ್ಲಿ ಮೇಲೇರಿದ ಎಣ್ಣೆ ತಣ್ಣಗಿನ ಲೋಹಕ್ಕೆ ತಾಗಿ ಹನಿಯಾಗಿ ಕೂರುತ್ತದೆ. ಮೊದಲ ಎರಡು ವಾರ ಅದು ಬರೀ ಎಣ್ಣೆ, ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಬಿಡುತ್ತದೆ. ಆಮೇಲೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಜೋನಿಬೆಲ್ಲದ ಹದಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹಲಸಿನ ಮೇಣ. ಸೂರ್ಯಕಾಂತಿ ಎಣ್ಣೆ ಈ ಹಾದಿಯನ್ನು ಬೇಗ ದಾಟುತ್ತದೆ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಂತೂ ಬಣ್ಣ, ವಾರ್ನಿಷ್‌ ತಯಾರಿಗೆ ಬಳಸುವಷ್ಟು ಚೆನ್ನಾಗಿ ‘ಒಣಗುವ’ ಎಣ್ಣೆ. ಆ ಗುಣವೇ ಫಿಲ್ಟರ್ ಮೇಲೆ ಮುಳುವಾಗುತ್ತದೆ. ಕಡಲೆಕಾಯಿ ಎಣ್ಣೆ ನಡುವಿನದು. ಕರಾವಳಿಯ ತೆಂಗಿನೆಣ್ಣೆ ಮನೆಗಳಲ್ಲಿ ಜಿಡ್ಡು ಚಳಿಗೆ ಬೆಳ್ಳಗೆ ಗಟ್ಟಿಯಾಗಿ ಕಂಡರೂ ಸುಲಭಕ್ಕೆ ಮೇಣವಾಗುವುದಿಲ್ಲ, ಬಿಸಿನೀರಿಗೇ ಜಾರುತ್ತದೆ.

ದಿನಕ್ಕೆರಡು ಸಲ ಒಗ್ಗರಣೆ, ವಾರಕ್ಕೊಮ್ಮೆ ಬೋಂಡವೋ ಹಪ್ಪಳವೋ ಕರಿಯುವ ನಾಲ್ಕು ಜನರ ಮನೆಯಾದರೆ ಸ್ಟೀಲಿನ ಅಡ್ಡಪಟ್ಟಿಗಳ ಬ್ಯಾಫಲ್ ಫಿಲ್ಟರ್‌ ಎರಡು ಮೂರು ವಾರಕ್ಕೊಮ್ಮೆ ತೊಳೆಯಬೇಕು, ಜಾಲರಿಯ ಮೆಶ್ ಫಿಲ್ಟರ್‌ ವಾರ ಹತ್ತು ದಿನಕ್ಕೊಮ್ಮೆ. ಬ್ಲೋವರ್ ಸರ್ವೀಸ್ ವರ್ಷಕ್ಕೆ ಒಂದು ಸಾಕು. ಕುಸುಬೆ, ಸೂರ್ಯಕಾಂತಿ ಎಣ್ಣೆಯಲ್ಲಿ ದಿನವೂ ಕರಿಯುವವರು, ಮಾಂಸ ಮೀನು ಹೆಚ್ಚು ಹುರಿಯುವವರು ಆರು ತಿಂಗಳಿಗೇ ಮಾಡಿಸಲಿ. ಫಿಲ್ಟರ್‌ಲೆಸ್ ಚಿಮಣಿಯಲ್ಲಿ ಎಣ್ಣೆಯೆಲ್ಲ ನೇರ ಬ್ಲೋವರ್‌ಗೇ ಬಡಿಯುವುದರಿಂದ ಏಳೆಂಟು ತಿಂಗಳಿಗಿಂತ ಮುಂದೂಡಬಾರದು. ದೀಪಾವಳಿಯ ಮುಂಚಿನ ವಾರ ಮಾತ್ರ ಕರೆಸಬೇಡಿ. ಆಗ ಎಲ್ಲರಿಗೂ ಅವಸರ. ಮೇಲಾಗಿ ಚಕ್ಕುಲಿ, ಕರ್ಜಿಕಾಯಿ ಕರಿಯುವುದು ಇನ್ನೂ ಬಾಕಿ ಇರುತ್ತದೆ!

ಅವಧಿ ಬಂತೋ ಇಲ್ಲವೋ ತಿಳಿಯಲು ಒಂದು ಹಾಳೆ ದಿನಪತ್ರಿಕೆ ಸಾಕು. ಒಲೆ ಆರಿಸಿ, ಚಿಮಣಿಯನ್ನು ಕೊನೆಯ ಸ್ಪೀಡಿಗಿಟ್ಟು ಫಿಲ್ಟರ್‌ಗೆ ಹಾಳೆ ಹಿಡಿದು ಕೈಬಿಡಿ. ಅಂಟಿಕೊಂಡು ನಿಂತರೆ ಎಳೆತ ಸರಿಯಿದೆ. ಜಾರಿದರೆ ಫಿಲ್ಟರ್ ತೆಗೆದು ನೋಡಿ. ಅದು ಶುಭ್ರವಾಗಿದ್ದೂ ಎಳೆತವಿಲ್ಲದಿದ್ದರೆ ತಪ್ಪು ಬ್ಲೋವರಿನದ್ದು ಅಥವಾ ಹೊಗೆಯನ್ನು ಹೊರಗೆ ಒಯ್ಯುವ ಪೈಪಿನದ್ದು.

ಆಟೋ ಕ್ಲೀನ್ ಬಟನ್ ಇದೆಯೆಂದು ನಿಶ್ಚಿಂತೆಯಾಗಿ ಕೂರುವವರೇ ಜಾಸ್ತಿ. ಬಟನ್ ಒತ್ತಿದಾಗ ಬ್ಲೋವರಿನ ಬಳಿಯ ಹೀಟರ್ ಕಾದು, ಇನ್ನೂ ಹರಿಯುವ ಹದದಲ್ಲಿರುವ ಎಣ್ಣೆ ಕರಗಿ ಕೆಳಗಿನ ಎಣ್ಣೆ ಬಟ್ಟಲಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಒತ್ತಿದರೆ ಅದು ಕೆಲಸಕ್ಕೆ ಬರುತ್ತದೆ, ಮೂರು ತಿಂಗಳ ಮೇಣಕ್ಕೆ ಜಗ್ಗುವುದಿಲ್ಲ. ಪೈಪಿಗಂತೂ ಅದು ತಲುಪುವುದೇ ಇಲ್ಲ. ಬಟ್ಟಲನ್ನು ಖಾಲಿ ಮಾಡಲು ಮರೆತರೆ ತುಂಬಿದ ಎಣ್ಣೆ ಒಲೆಯ ಮೇಲೇ ತೊಟ್ಟಿಕ್ಕುತ್ತದೆ.

ಫಿಲ್ಟರ್‌ ಮನೆಯಲ್ಲೇ ತೊಳೆಯುವಾಗ ಮೊದಲು ಲೋಹ ಯಾವುದೆಂದು ನೋಡಿ. ಅಯಸ್ಕಾಂತ ಅಂಟಿದರೆ ಸ್ಟೀಲು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಅಯಸ್ಕಾಂತಕ್ಕೆ ಸಿಗದ ಜಾತಿಯ ಸ್ಟೀಲೂ ಇರಬಹುದು. ಕೈಯಲ್ಲಿ ಹಿಡಿದರೆ ತೂಕದಲ್ಲೇ ಗೊತ್ತಾಗುತ್ತದೆ. ಸ್ಟೀಲಾದರೆ ಐದು ಲೀಟರ್ ಕುದಿಬಿಸಿ ನೀರಿಗೆ ಮೂರು ನಾಲ್ಕು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಹಳೆ ಟೂತ್‌ಬ್ರಷ್‌ನಿಂದ ಸಂದುಗಳನ್ನು ಉಜ್ಜಿ, ನಿಲ್ಲಿಸಿ ಪೂರ್ತಿ ಒಣಗಿಸಿ ಹಾಕಿ. ಅಲ್ಯೂಮಿನಿಯಂಗೆ ಸೋಡಾ ತಾಗಿದರೆ ಕಪ್ಪಾಗುತ್ತದೆ. ಅದಕ್ಕೆ ಬಿಸಿನೀರು, ಪಾತ್ರೆ ಲಿಕ್ವಿಡ್ ಅಷ್ಟೆ. ಕೆಲವು ರಿಪೇರಿಯವರು ತರುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಮೇಲೆ ಬುಸುಬುಸು ಗುಳ್ಳೆ ಎಬ್ಬಿಸಿ ಲೋಹವನ್ನೇ ತಿನ್ನುತ್ತದೆ. ಆ ಗುಳ್ಳೆ ಹೈಡ್ರೋಜನ್, ಪಕ್ಕದಲ್ಲಿ ಒಲೆ ಉರಿಯುತ್ತಿರಬಾರದು. ‘ಚಿಮಣಿ ಎಣ್ಣೆ’ಯಿಂದ, ಅಂದರೆ ಸೀಮೆಎಣ್ಣೆಯಿಂದ, ಒರೆಸಿಕೊಡುತ್ತೇನೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ.

ಬ್ಲೋವರ್ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡುವುದು ಒಳ್ಳೆಯದು. ಗೋಡೆಯ ಪ್ಲಗ್ ಕಿತ್ತು, ಫಿಲ್ಟರ್, ಎಣ್ಣೆ ಬಟ್ಟಲು ತೆಗೆದು, ಬ್ಲೋವರ್ ಕವರಿನ ಸ್ಕ್ರೂ ಬಿಚ್ಚಿದರೆ ಒಳಗೆ ಅಳಿಲು ಪಂಜರದಂಥ ಚಕ್ರ ಕಾಣುತ್ತದೆ. ಅದನ್ನು ಹಿಡಿದಿರುವ ನಟ್ಟು ಹಲವು ಮಾದರಿಗಳಲ್ಲಿ ಎಡಸುತ್ತಿನದು. ಗೊತ್ತಿಲ್ಲದವರು ಎಂದಿನಂತೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಒಡೆಯುತ್ತಾರೆ. ಚಕ್ರದ ಅಲಗುಗಳ ಮೇಲೆ ಎಲ್ಲೋ ಒಂದೆರಡು ಚಿಕ್ಕ ತಗಡಿನ ಕ್ಲಿಪ್ ಇರಬಹುದು. ಅದು ಕೊಳೆಯಲ್ಲ, ಚಕ್ರ ಸಮತೂಕದಲ್ಲಿ ತಿರುಗಲು ಕಾರ್ಖಾನೆಯಲ್ಲೇ ಸಿಕ್ಕಿಸಿದ್ದು. ಉಜ್ಜುವ ಭರದಲ್ಲಿ ಅದು ಉದುರಿದರೆ ಸರ್ವೀಸ್ ಆದ ಮೇಲೇ ಚಿಮಣಿ ಗುಡುಗಲು ಶುರುಮಾಡುತ್ತದೆ. ಚಕ್ರವನ್ನು ಹೊರಗೆ ತೆಗೆದು ತೊಳೆಯಬೇಕು. ಮೋಟಾರು ಅಲ್ಲೇ ಇದ್ದಂತೆ ಸ್ಪ್ರೇ ಹೊಡೆದರೆ ನೀರು ವೈರಿಂಗ್‌ಗೂ ಟಚ್ ಪ್ಯಾನೆಲಿಗೂ ಇಳಿಯುತ್ತದೆ. ಮರುದಿನ ತಾನೇ ಆನ್ ಆಗುವ ಚಿಮಣಿಗಳ ಮೂಲ ಎಷ್ಟೋ ಸಲ ಇದೇ. ಗುಂಯ್ ಎನ್ನುತ್ತಾ ನಿಧಾನ ತಿರುಗಿದರೆ ಮಾತ್ರ ಕೊಳೆಯ ಜೊತೆ, ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಮೇಲೂ ಅನುಮಾನಪಡಿ. ಅಗ್ಗದ ಭಾಗ ಅದು. ಇಡೀ ಮೋಟಾರು ಬದಲಿಸಲು ಒಪ್ಪುವ ಮುನ್ನ ಅದನ್ನು ಬದಲಿಸಿ ನೋಡಲು ಹೇಳಿ.

ಮೂರರಲ್ಲಿ ಯಾರು? ವಾರಂಟಿ ಇರುವಷ್ಟು ದಿನ ಕಂಪನಿಯವರೇ, ಬೇರೆಯವರ ಕೈ ತಾಗಿದರೆ ವಾರಂಟಿಗೆ ತಕರಾರು ತೆಗೆಯುತ್ತಾರೆ. ಆಮೇಲೆ ರಿಪೇರಿ ಅಂಗಡಿಯವರು ಮೇಲು, ಬಿಚ್ಚಲು ಹಿಂಜರಿಯುವುದಿಲ್ಲ. ಕಾಸ್ಟಿಕ್ ಡಬ್ಬಿಯ ಮೇಲೆ ಮಾತ್ರ ಕಣ್ಣಿಡಿ. ಆ್ಯಪ್ ಸರ್ವೀಸ್ ಹೊರಮೈ ಚೊಕ್ಕಟಕ್ಕೆ ಸೈ, ಬ್ಲೋವರ್ ಪ್ಯಾಕೇಜ್ ಬೇರೆ ಆರಿಸಿದರೆ ಪರವಾಗಿಲ್ಲ.

ಪೈಪು ಈ ಮೂವರ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಮಡಿಕೆಯ ಅಲ್ಯೂಮಿನಿಯಂ ಪೈಪಿನ ಒಂದೊಂದು ಮಡಿಕೆಯಲ್ಲೂ ಜಿಡ್ಡು ನಿಲ್ಲುತ್ತದೆ, ಬಾಣಲೆಯ ಬೆಂಕಿ ಮೇಲೆದ್ದರೆ ಅದೇ ಉರಿಯುವುದು. ಹಳತಾದರೆ ಉಜ್ಜುವ ಬದಲು ಹೊಸದನ್ನೇ ಹಾಕಿಸಿ. ಕಿಟಕಿಯ ತೂತು ಚಿಕ್ಕದೆಂದು 6 ಇಂಚಿನ ಪೈಪನ್ನು 4 ಇಂಚಿಗೆ ಇಳಿಸಿದ್ದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಡಿಮೆ, ಶೇ 44ಕ್ಕೆ ಬರುತ್ತದೆ. ಅಂಥ ಚಿಮಣಿಯನ್ನು ಎಷ್ಟು ತೊಳೆದರೂ ಎಳೆತ ಬರದು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಪೈಪಿನ ಹೊರಬಾಯಿಗೆ ಪಾರಿವಾಳ ಗೂಡು ಕಟ್ಟಿರುವುದೂ ಉಂಟು. ಹೊರಗಿನ ಗಾಳಿ ವಾಪಸ್ ಬರದಂತೆ ತಡೆಯುವ, ಚಿಮಣಿ ಮೇಲಿನ ಫ್ಲಾಪ್ ಜಿಡ್ಡಿಗೆ ಅಂಟಿ ತೆರೆದೇ ನಿಂತಿದ್ದರೆ ಜಿರಲೆ ಆ ದಾರಿಯಲ್ಲೇ ಒಳಗೆ ಬರುತ್ತದೆ. ಕೆಲಸ ಮುಗಿಸಿದವರು ಪೈಪಿನ ಜೋಡಣೆಗೆ ಸೆಲ್ಲೋಟೇಪ್ ಸುತ್ತಿದ್ದರೆ ಬಿಚ್ಚಿಸಿ ಅಲ್ಯೂಮಿನಿಯಂ ಟೇಪ್ ಹಾಕಿಸಿ. ಪೇಪರ್ ಹಾಳೆಯನ್ನು ಇನ್ನೊಮ್ಮೆ ಹಿಡಿದು ನೋಡಿದ ಮೇಲೆ ದುಡ್ಡು ಕೊಟ್ಟರಾಯಿತು.